ದೇವದುರ್ಗದ ಕಡೆ ತಲೆ ಹಾಕಿ

ದೇವರು ಕೆಲವರಿಗೆ ಕಂಠ ಕೊಡುವುದಿಲ್ಲ, ಕೆಲವರಿಗೆ ಕೈರುಚಿ ಕೊಡುವುದಿಲ್ಲ. ನನಗೆ ಎರಡನ್ನೂ ಅಷ್ಟಿಷ್ಟು ಕೊಟ್ಟು ದಿಕ್ಕುಗಳನ್ನು ಮಾತ್ರ ತಾನೇ ಇಟ್ಟುಕೊಂಡ. ರಾಯಚೂರಿನಲ್ಲಿ ಸೀರೆ ಅಂಗಡಿಯಿಂದ ಹೊರಬಿದ್ದರೆ ಬಸ್ ನಿಲ್ದಾಣ ಇಲ್ಲದ ಕಡೆಗೇ ಹೆಜ್ಜೆ ಹಾಕುತ್ತೇನೆ, ಅದೂ ಭಾರೀ ಗತ್ತಿನಿಂದ. ನಾನು ಹೊರಟ ಕಡೆಗೆ ಬೆನ್ನು ಮಾಡಿ ನಡೆದರೆ ಊರು ಸೇರುವುದು ಗ್ಯಾರಂಟಿ ಎಂದು ನಮ್ಮನೆಯವರು ನೆಂಟರೆದುರೇ ಹೇಳುತ್ತಾರೆ. ಇಂಥವಳ ಪಾಲಿಗೆ ಬಂದದ್ದು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ ಶಾಲೆ, ನಾಲ್ಕನೇ ತರಗತಿ, ಅದರಲ್ಲೂ ನಕಾಶೆಯ ಪಾಠ!

ಉತ್ತರ ದಿಕ್ಕು ಎಲ್ಲಿದೆ ಎಂದರೆ ಮಕ್ಕಳು ಗೋಡೆಯ ನಕಾಶೆ ನೋಡಿ ಮೇಲಿನ ಫ್ಯಾನ್ ತೋರಿಸಿದರು. ಅದನ್ನು ನೆಲಕ್ಕಿಳಿಸೋಣವೆಂದು ಅಂಗಳದಲ್ಲಿ ಸುಣ್ಣದ ಪುಡಿಯಿಂದ ಇಡೀ ಜಿಲ್ಲೆ ಬರೆದೆ. ನೆರಳಿದ್ದ ಬೇವಿನ ಮರದ ಕಡೆಯೇ ಉತ್ತರವೆಂದು ತೀರ್ಮಾನಿಸಿ ಅಲ್ಲಿ ಕೃಷ್ಣೆ, ನಲ್ಲಿಯ ಕಡೆ ತುಂಗಭದ್ರೆ. ಕೆಲವರನ್ನು ಒಂದೊಂದು ಊರು ಮಾಡಿ ನಿಲ್ಲಿಸಿದ್ದೇ ಮಕ್ಕಳಿಗೆ ಹುಚ್ಚೇ ಹಿಡಿಯಿತು. ರಾಯಚೂರಾಗಲು ಇಬ್ಬರು ಜಗಳಾಡಿದರು. ಕಲ್ಲೂರಾಗಿದ್ದವನು ನೀರು ಕುಡಿದು ಬರುವಷ್ಟರಲ್ಲಿ ಅವನೂರಿನಲ್ಲಿ ನಾಯಿ ಮಲಗಿತ್ತು. ಉಳಿದವರನ್ನು ರಸ್ತೆ ಮಾಡಿದೆ: ಉತ್ತರದ ದೇವದುರ್ಗದ ಕಡೆ ತಲೆ, ದಕ್ಷಿಣದ ಮಾನ್ವಿಯ ಕಡೆ ಕಾಲು, ಸಾಲಾಗಿ ಮಲಗಿ. ನಾನು ಬಸ್ಸಾಗಿ ಹಾರನ್ ಹೊಡೆಯುತ್ತ ಪಕ್ಕದಲ್ಲಿ ಓಡುತ್ತಿದ್ದಾಗಲೇ ಶಿಕ್ಷಣ ಇಲಾಖೆಯ ಹೊಸ ಸಾಹೇಬರು ಗೇಟಿನೊಳಗೆ ಬಂದರು.

ಸಣ್ಣ ತಪ್ಪಿಗೂ ನೋಟಿಸ್ ಕೊಡುವವರೆಂದು ಅವರು ಹೆಸರಾಗಿದ್ದರು. ಉತ್ತರ ಯಾವ ಕಡೆ ಎಂದು ಕೇಳಿದರು. ಬೇವಿನ ಮರ ತೋರಿಸಿದೆ. ಅವರು ಸೂರ್ಯನನ್ನು ನೋಡಿದರು, ಮರ ನೋಡಿದರು, ನನ್ನನ್ನು ನೋಡಿದರು. ಅದು ದಕ್ಷಿಣವೆಂದು ಅವರ ಮುಖವೇ ಹೇಳಿತು. ಮುಗೀತು ನನ್ನ ಕಥೆ, ನಾಳೆಯೇ ನೋಟಿಸು ಎಂದುಕೊಂಡೆ.

ಆಗ ರಸ್ತೆಯ ನಡುವಿನಿಂದ ಹುಲಿಗೆಮ್ಮ ಎಂಬ ಹುಡುಗಿ ತಲೆ ಎತ್ತಿದಳು.

“ಸರ್, ಖರೇ ಉತ್ತರ ನಲ್ಲಿ ಕಡಿಗೆ ಅದರೀ. ಉತ್ತರಕ್ಕ ತಲಿ ಹಾಕಿ ಮಲಗಿದ್ರ ನಮ್ಮವ್ವ ಬೈತಾಳ್ರಿ. ಅದಕ್ಕ ಟೀಚರು ನಕಾಶಿನೇ ತಿರುವಿ ಹಾಕ್ಯಾರ್ರಿ.”

ಸಾಹೇಬರ ಮುಖ ಅರಳಿತು. ಮಕ್ಕಳ ಮನೆಯ ನಂಬಿಕೆಯನ್ನು ನೋಯಿಸದೆ ಪಾಠ ಮಾಡುವ ಇಂಥ ಶಿಕ್ಷಕಿಯನ್ನು ತಾವು ಕಂಡೇ ಇಲ್ಲವೆಂದರು. ಅದೇನು ಮಹಾ ಬಿಡ್ರಿ ಸರ್ ಎಂದು ನಾನು ನೆಲ ನೋಡಿದೆ. ತಾಲ್ಲೂಕಿನ ಶಿಕ್ಷಕರಿಗೆಲ್ಲ ನೀವೇ ತರಬೇತಿ ಕೊಡಬೇಕು ಎಂದು ಅಲ್ಲೇ ಅಪ್ಪಣೆಯಾಯಿತು. ಕೊಟ್ಟೂಬಿಟ್ಟೆ. ಈಗ ಎಷ್ಟೋ ಶಾಲೆಗಳ ಅಂಗಳದಲ್ಲಿ ದೇವದುರ್ಗ ದಕ್ಷಿಣಕ್ಕೆ ಬಂದು ಕೂತಿದೆ. ನನಗಂತೂ ಹಾಲು ಕುಡಿದಷ್ಟು ಸಂತೋಷ: ಇಷ್ಟು ದಿನ ದಿಕ್ಕು ತಪ್ಪಿದವಳು ನಾನೊಬ್ಬಳೇ ಆಗಿದ್ದೆ, ಈಗ ಇಡೀ ತಾಲ್ಲೂಕು ಜೊತೆಗಿದೆ.