ಜಡ್ಜು ನಮ್ಮವರೇ

ಕೃಷ್ಣಮೋಹನ ಭಟ್ಟರ ಬಾಯಿ ಒಂದು ಗಳಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇಲ್ಲ. ಆದರೆ ಸಂಪಾಜೆಯ ಉದಯನ ಹೋಟೆಲು, ಎದುರಿಗೆ ಬಿಸಿ ಗೋಳಿಬಜೆ, ಟಿ.ವಿ.ಯಲ್ಲಿ ಸುಪ್ರೀಂ ಕೋರ್ಟಿಗೆ ಹೊಸದಾಗಿ ಬಂದ ಜಡ್ಜಿನ ಮುಖ, ಮೂಲೆಯ ಬೆಂಚಿನಲ್ಲಿ ನೆರೆಮನೆಯ ಬೋಜಪ್ಪ ಗೌಡ. ಹೀಗಿರುವಾಗ ಸುಮ್ಮನಿರಲು ಯಾರಿಂದಾದೀತು? "ಪುತ್ತೂರು ಕಡೆಯವರಂತೆ" ಎಂದು ಉದಯ ಹೇಳಿದ್ದೇ ತಡ, ಭಟ್ಟರು ಬೋಜಪ್ಪನಿಗೆ ಕೇಳುವಷ್ಟು ಜೋರಾಗಿ, "ಕಡೆಯವರು ಎಂತ ಮಾರಾಯ, ನಮ್ಮವರೇ! ಹತ್ತಿರದ ಸಂಬಂಧ" ಎಂದುಬಿಟ್ಟರು.

ಸಂಬಂಧವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಬೋಜಪ್ಪನ ಹೊಟ್ಟೆ ಒಂದಿಷ್ಟು ಉರಿಯಲಿ ಅಂತ ಅಷ್ಟೇ.

ಇಬ್ಬರಿಗೂ ಅಪ್ಪಂದಿರ ಕಾಲದಿಂದ ದಾರಿ ತಕರಾರು. ಡಾಮರು ರಸ್ತೆಯಿಂದ ಭಟ್ಟರ ಮನೆಗೆ ಹತ್ತುವ ದಾರಿ ಬೋಜಪ್ಪನ ರಬ್ಬರ್ ತೋಟದೊಳಗೆ ಹಾದುಹೋಗುತ್ತದೆ. ಕಾಲಲ್ಲಿ ಹೋಗಬಹುದು, ಗಾಡಿ ಹೋಗಕೂಡದು. ಫ್ರಿಜ್ಜು ಹೆಗಲ ಮೇಲೆ ಬಂತು. ಮೊಣಕಾಲು ಹಿಡಿದುಕೊಂಡ ಹೆಂಡತಿ ಕೌಸಲ್ಯಾ ಕುರ್ಚಿಯಲ್ಲಿ ಕೂತು, ನಾಲ್ವರ ಕೈಯಲ್ಲಿ ಹೊರಿಸಿಕೊಂಡು ಗುಡ್ಡ ಇಳಿದಳು. "ಜೀವ ಇರುವಾಗಲೇ ನಾಲ್ಕು ಜನ ಹೊತ್ತರು" ಎಂದು ಇವತ್ತಿಗೂ ಚುಚ್ಚುತ್ತಾಳೆ.

ಪುತ್ತೂರಿನಲ್ಲಿ ಹುಟ್ಟಿದ ಕೇಸು ಬೆಂಗಳೂರು ಸುತ್ತಿ ದೆಹಲಿಯಲ್ಲಿ ಕೂತಿತ್ತು. ಅಲ್ಲಿ ಹಿಂದೊಮ್ಮೆ ಕೇಳಿದ ಜಡ್ಜು ಬಯಲುಸೀಮೆಯವರಿರಬೇಕು, "ಹಿಂದುಗಡೆಯಿಂದ ದಾರಿ ಮಾಡಿಕೊಳ್ಳಬಹುದಲ್ಲ?" ಎಂದಿದ್ದರು. ಹಿಂದುಗಡೆ ಇರುವುದು ಪಯಸ್ವಿನಿ ಹೊಳೆ. ಈಗ ಗುಡ್ಡ, ಹೊಳೆ ಎಲ್ಲ ಕಂಡ ಊರಿನ ಜಡ್ಜಿನ ಮುಂದೆಯೇ ಕೇಸು ಬರುತ್ತದೆ ಎಂದು ವಕೀಲರಿಂದ ಗೊತ್ತಾದಾಗ ಭಟ್ಟರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮರುದಿನ ಬೆಳಿಗ್ಗೆ ಸುಳ್ಯದ ವಕೀಲ ಮುರಳಿಕೃಷ್ಣನ ಫೋನು ಬಂತು.

"ಎಂತ ಭಟ್ರೆ, ಜಡ್ಜು ಸಂಬಂಧಿಕರು ಅಂತ ಊರಿಡೀ ಹೇಳಿದ್ದಾ?"

"ಒಂದು ಮಾತಿಗೆ..."

"ಸಂಬಂಧಿಕರ ಕೇಸು ಜಡ್ಜು ಕೇಳುವ ಹಾಗಿಲ್ಲ ಮಾರಾಯ್ರೆ! ಇವತ್ತು ಮಧ್ಯಾಹ್ನ ಮೇಲೆ ನಮ್ಮ ಕೇಸು. ಬೋಜಪ್ಪನ ವಕೀಲರು ಅದನ್ನೇ ಎತ್ತುದಂತೆ. ಈ ಜಡ್ಜು ಕೈಬಿಟ್ರೆ ಬೇರೆಯವರಿಗೆ ಹೋಗ್ತದೆ, ಮತ್ತೆ ಯಾವಾಗ ಬರುದು ಅಂತ ದೇವರಿಗೇ ಗೊತ್ತು."

ಭಟ್ಟರು ಎದ್ದೆನೋ ಬಿದ್ದೆನೋ ಎಂದು ಗುಡ್ಡ ಇಳಿದು ಹೋಟೆಲಿಗೆ ಓಡಿದರು. ಬೋಜಪ್ಪ ಅಲ್ಲೇ ಚಾ ಕುಡಿಯುತ್ತಿದ್ದ.

"ಗೌಡ್ರೆ, ನಿನ್ನೆ ನಾನು ಹೇಳಿದ್ದು ಸುಳ್ಳು."

"ನಿನ್ನೆ ಹೇಳಿದ್ದು ಸುಳ್ಳೋ, ಇವತ್ತು ಹೇಳುದು ಸುಳ್ಳೋ, ನನಗೆ ಹೇಗೆ ಗೊತ್ತಾಗುದು ಭಟ್ರೆ?"

ಅಷ್ಟರಲ್ಲಿ ಉದಯ ಸಹಾಯಕ್ಕೆ ಬಂದ. "ಸುಳ್ಳಲ್ಲ, ಸಂಬಂಧ ಉಂಟು! ಜಡ್ಜಿನ ಅಮ್ಮನ ತವರು ಕೋಡಿಂಬಾಳ. ನಿಮ್ಮ ಅಜ್ಜಿಯದ್ದೂ ಕೋಡಿಂಬಾಳ ಅಲ್ಲವಾ?"

"ನೀನು ಬಾಯಿ ಮುಚ್ಚು ಮಾರಾಯ!" ಎಂದರು ಭಟ್ಟರು. ಆದರೆ ಅಜ್ಜಿಯ ತವರು ಕೋಡಿಂಬಾಳವೇ ಹೌದು. ನಿಜವಾಗಿಯೂ ಸಂಬಂಧ ಇದ್ದುಬಿಟ್ಟರೆ? ಇಷ್ಟು ದಿನ ಇಲ್ಲದ ನೆಂಟಸ್ತಿಕೆ ಈಗ ಬಂದು ವಕ್ಕರಿಸಿದರೆ? ಅವರಿಗೇ ಅನುಮಾನ ಶುರುವಾಯಿತು. ಇಂಥದ್ದಕ್ಕೆಲ್ಲ ತೀರ್ಪು ಕೊಡುವವರು ಭಟ್ಟರ ಸೋದರತ್ತೆ, ನರಿಮೊಗರಿನ ದೇವಮ್ಮತ್ತೆ ಒಬ್ಬರೇ. ಅವರಿಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ.

"ಜೀಪು ಉಂಟಲ್ಲ, ಹೋಗುವ" ಎಂದ ಬೋಜಪ್ಪ. "ಅವರು ಇಲ್ಲ ಅಂದ್ರೆ ಅಲ್ಲಿಂದಲೇ ನಮ್ಮ ವಕೀಲರಿಗೆ ಫೋನು ಮಾಡಿ ನಿಲ್ಲಿಸ್ತೇನೆ. ನನಗೂ ಈ ಕೇಸು ಸಾಕಾಗಿದೆ." ಯಾರೂ ಕರೆಯದಿದ್ದರೂ ಉದಯ ಹಿಂದಿನ ಸೀಟಿನಲ್ಲಿ ಕೂತ.

ದಾರಿಯುದ್ದಕ್ಕೂ ಜಡ್ಜಿನದ್ದೇ ಚರ್ಚೆ. "ವಕೀಲಿಕೆಯಿಂದ ಸೀದಾ ಹೈಕೋರ್ಟಿನ ಜಡ್ಜು ಆದದ್ದು" ಎಂದ ಉದಯ. "ಸೀದಾ ಹೇಗೆ ಆಗುದು? ಮೊದಲು ಮುನ್ಸೀಫ, ಮತ್ತೆ ಜಿಲ್ಲಾ ಜಡ್ಜು, ಹಾಗೆ ಮೆಟ್ಟಿಲು ಹತ್ತಿ ಹೋಗುದು" ಎಂದ ಬೋಜಪ್ಪ. ಸುಳ್ಯ ದಾಟುವಾಗ ವಕೀಲರಾಗಿದ್ದವರು ಜಾಲ್ಸೂರಿನಲ್ಲಿ ಮುನ್ಸೀಫರಾದರು, ಕುಂಬ್ರದಲ್ಲಿ ಕಾಲೇಜು ಲೆಕ್ಚರರೂ ಆದರು. ಭಟ್ಟರ ತಲೆ ಗಿರ್ರೆಂದಿತು. ಆ ಮನುಷ್ಯ ಯಾವ ದಾರಿಯಲ್ಲಿ ದೆಹಲಿಗೆ ಹೋದನೋ, ತಮ್ಮ ದಾರಿಯಂತೂ ಬೋಜಪ್ಪನ ತೋಟದಲ್ಲೇ ಇತ್ತು.

ದೇವಮ್ಮತ್ತೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ವಿಷಯ ಕೇಳಿ ಕಣ್ಣರಳಿಸಿದರು.

"ಸಂಬಂಧ ಇಲ್ಲದ್ದಾ? ಒಳ್ಳೆ ಕತೆ! ನಿನ್ನ ಅಕ್ಕನಿಗೆ ಅವನ ಜಾತಕ ಬಂದಿತ್ತು ಮೋಹನ."

ಭಟ್ಟರ ಜೀವ ಬಾಯಿಗೆ ಬಂತು. ಬೋಜಪ್ಪ ಕಿಸೆಯಿಂದ ಫೋನು ತೆಗೆದ.

"ಜಾತಕ ಕೂಡಿತ್ತು. ನಿನ್ನ ಅಪ್ಪನೇ ಬೇಡ ಅಂದದ್ದು. ಕರಿ ಕೋಟು ಹಾಕಿ ಪುತ್ತೂರು ಪೇಟೆಯಲ್ಲಿ ತಿರುಗುವವನಿಗೆ ಎಂತ ಭವಿಷ್ಯ ಉಂಟು, ಮಗಳಿಗೆ ಊಟಕ್ಕೆ ಎಂತ ಹಾಕುದು ಅಂತ ಕೇಳಿದ."

"ಹಾಗಾದ್ರೆ ಸಂಬಂಧ ಇಲ್ಲ ಅಲ್ಲವಾ ಅತ್ತೆ?"

"ಆ ಮನೆಯಲ್ಲಿ ಯಾರಾದರೂ ಸತ್ತರೆ ನಮಗೆ ಸೂತಕ ಇಲ್ಲ. ಮದುವೆಗೆ ನಮಗೆ ಕರೆಯೋಲೆ ಇಲ್ಲ. ಮತ್ತೆ ಎಲ್ಲಿಯ ಸಂಬಂಧ? ಅಂಥ ಅಳಿಯ ತಪ್ಪಿಹೋದ, ಅಷ್ಟೇ."

ಕೈಗೆ ಬಂದ ಭಾವ ತಪ್ಪಿಹೋದದ್ದಕ್ಕೆ ಇಷ್ಟು ಸಂತೋಷಪಟ್ಟವರು ಲೋಕದಲ್ಲಿ ಇನ್ನೊಬ್ಬರಿಲ್ಲ. ಭಟ್ಟರು ಅತ್ತೆಯ ಕಾಲಿಗೆ ಬಿದ್ದರು. ಬೋಜಪ್ಪ ಮಾತಿಗೆ ತಪ್ಪಲಿಲ್ಲ. "ಸಂಬಂಧದ ವಿಷಯ ಎತ್ತುದು ಬೇಡ" ಎಂದು ವಕೀಲರಿಗೆ ಅಲ್ಲಿಂದಲೇ ಹೇಳಿದ. ಅತ್ತೆ ಮೂವರಿಗೂ ಊಟ ಬಡಿಸಿದರು. ದಾರಿ ಸಿಕ್ಕಿದ ಮೇಲೆ ಮೊದಲು ಕೌಸಲ್ಯಾಳನ್ನು ರಿಕ್ಷಾದಲ್ಲಿ ಅಂಗಳಕ್ಕೇ ಇಳಿಸಬೇಕು ಎಂದು ಭಟ್ಟರು ಲೆಕ್ಕ ಹಾಕುತ್ತ ಪಾಯಸಕ್ಕೆ ಕೈಹಾಕಿದಾಗ ಫೋನು ಹೊಡೆದುಕೊಂಡಿತು.

"ಭಟ್ರೆ, ಜಡ್ಜು ಕೇಸು ಬಿಟ್ರು" ಎಂದ ಮುರಳಿಕೃಷ್ಣ.

"ಹೇಗೆ? ಗೌಡ್ರು ನಿಲ್ಲಿಸಿದ್ದಾರಲ್ಲ!"

"ಅವರ ವಕೀಲರು ಬಾಯಿಯೇ ಬಿಡಲಿಲ್ಲ. ಸಂಪಾಜೆಯ ದಾರಿ ಅಂದ ಕೂಡಲೇ ಜಡ್ಜೇ ನಗಾಡಿದ್ರಂತೆ. ಪುತ್ತೂರಿನಲ್ಲಿ ಜೂನಿಯರ್ ಆಗಿದ್ದಾಗ ನಿಮ್ಮ ಅಪ್ಪನ ಪರವಾಗಿ ಮೊದಲು ವಾದ ಮಾಡಿದ್ದು ಅವರೇ ಅಂತೆ. ವಕೀಲನಾಗಿ ನಡೆಸಿದ ಕೇಸನ್ನು ಜಡ್ಜಾಗಿ ಕೇಳ್ಲಿಕ್ಕೆ ಆಗುದಿಲ್ಲ ಅಂತ ಹೇಳಿ ಎದ್ದರಂತೆ."

"ಮುಂದಿನ ದಿನಾಂಕ?"

"ಅದೆಲ್ಲ ಕೊಡ್ಲಿಲ್ಲ."

ಭಟ್ಟರಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಹೆಣ್ಣು ಕೊಡಲಿಕ್ಕೆ ಆಗದವನಿಗೆ ಕೇಸು ಯಾಕೆ ಕೊಡಬೇಕಿತ್ತು? ಹೊರಡುವಾಗ ದೇವಮ್ಮತ್ತೆ, "ಸಂಬಂಧ ಇಲ್ಲ ಅಂತ ನಾನು ಹೇಳಿದ್ದು ಸರಿಯಾಯ್ತಲ್ಲ?" ಎಂದು ಕೇಳಿ, ಒಂದು ದೊಡ್ಡ ಬೂದುಗುಂಬಳಕಾಯಿಯನ್ನು ಅವರ ಮಡಿಲಲ್ಲಿಟ್ಟರು.

ಸಂಜೆ ಜೀಪು ಗುಡ್ಡದ ಬುಡದಲ್ಲಿ ನಿಂತಿತು. ಕುಂಬಳಕಾಯಿ ಅಪ್ಪಿಕೊಂಡು ಭಟ್ಟರು ಕೂತೇ ಇದ್ದರು.

"ಇಷ್ಟು ದೂರ ಕರ್ಕೊಂಡು ಹೋದವರು, ಮೇಲಿನ ತನಕ ಬಿಡಬಹುದಲ್ಲ ಗೌಡ್ರೆ?"

"ನನಗೆ ಎಂತ ತೊಂದರೆ ಭಟ್ರೆ? ಬಿಡಬಹುದಿತ್ತು" ಎಂದ ಬೋಜಪ್ಪ, ನಿಜವಾಗಿಯೂ ಬೇಸರದಿಂದ. "ಆದರೆ ಜೀಪು ಮೇಲೆ ಹೋಯ್ತು ಅಂತಾದ್ರೆ ದಾರಿ ಒಪ್ಪಿಕೊಂಡ ಹಾಗೆ ಆಗ್ತದಲ್ಲ. ಕೇಸು ಒಂದು ಮುಗೀಲಿ. ಮತ್ತೆ ನಾನೇ ಬಿಡ್ತೇನೆ."