ಅಂಗನವಾಡಿಯ ಮೊದಲ ದಿನ ಮತ್ತು ಫರೀದಾ ಆಪಾ ಅವರ ಡ್ರಮ್ಮು

ಮಗಳನ್ನು ಅಂಗನವಾಡಿಗೆ ಬಿಟ್ಟು ಬರುವುದು ಒಂದು ಕೆಲಸವೇ ಅಲ್ಲ ಎಂದು ನಾನು ನಂಬಿದ್ದೆ. ಮಹದೇವಪುರದ ಕಂಪನಿಗಳಿಗೆ ಕ್ಯಾಬ್ ಓಡಿಸುವವನು ನಾನು. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತ ದಿನವೂ ಹಿಂದಿನ ಸೀಟಿನಲ್ಲಿ ಗೊಣಗುವವರನ್ನು ಸಮಾಧಾನಪಡಿಸಿ ಮನೆ ಮುಟ್ಟಿಸಿದ್ದೇನೆ. ಮೂರು ವರ್ಷದ ಭಾಗ್ಯಳನ್ನು ಪಕ್ಕದ ಗಲ್ಲಿಗೆ ಮುಟ್ಟಿಸುವುದು ಏನು ಮಹಾ?

ನಾವು ಸೇಡಂ ಕಡೆಯವರು. ಬೈಯಪ್ಪನಹಳ್ಳಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಹೆಂಡತಿ ಬಸಮ್ಮ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡುತ್ತಾಳೆ. ಮಗಳನ್ನು ನೋಡಿಕೊಳ್ಳುತ್ತಿದ್ದ ನನ್ನ ತಂಗಿ ಮದುವೆಯಾಗಿ ಹೋದ ಮೇಲೆ ನಮಗೆ ಅಂಗನವಾಡಿಯೇ ಗತಿಯಾಯಿತು. ಅಲ್ಲಿ ಕೂಸು ಹೊಂದಿಕೊಳ್ಳದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು. ಆ ಒಬ್ಬರು ಯಾರು ಎಂದು ನಾವು ಚರ್ಚೆ ಮಾಡಿರಲಿಲ್ಲ. ಆದರೆ ಬಸಮ್ಮ ನನ್ನನ್ನು ನೋಡುವ ರೀತಿಯಿಂದ ನನಗೆ ಅಂದಾಜಿತ್ತು.

ಆ ದಿನ ನನಗೆ ವಾರದ ರಜೆ. ಬಸಮ್ಮ ಕೆಲಸಕ್ಕೆ ಹೊರಡುವಾಗ ಹೇಳಿದಳು, "ಒಳಗ ಬಿಟ್ಟು ಸೀದಾ ಮನಿಗಿ ಬರ್ರಿ. ಅತ್ತರ ಅಳಲಿ. ಟೀಚರ್ ನೋಡ್ಕೋತಾರ."

"ನನಗ ಹೇಳ್ತಿಯೇನು?" ಅಂದೆ.

"ನಿಮಗೇ ಹೇಳಬೇಕಾಗ್ಯದ," ಎಂದು ಹೋದಳು.

ಭಾಗ್ಯ ಅಳುವ ಲಕ್ಷಣ ಎಲ್ಲಿಯೂ ಕಾಣಲಿಲ್ಲ. ಹೊಸ ಚಪ್ಪಲಿ ಹಾಕಿಕೊಂಡು ಕುಣಿಯುತ್ತಾ ಬಂದಳು. ಆದರೆ ತಂದೆಯಾದವನು ಮುಂಜಾಗ್ರತೆ ವಹಿಸಬೇಕಲ್ಲ. ದಾರಿಯುದ್ದಕ್ಕೂ ಧೈರ್ಯ ತುಂಬಿದೆ. "ಅಳಬ್ಯಾಡವಾ. ಹೆದರಬ್ಯಾಡ. ಅಪ್ಪ ಕಾಣಲಿಲ್ಲಂತ ಚಿಂತಿ ಮಾಡಬ್ಯಾಡ. ನಾ ಖಂಡಿತ ತಿರುಗಿ ಬರ್ತೀನಿ." ಇಷ್ಟೊಂದು ಭರವಸೆ ಕೊಡುತ್ತಿದ್ದಾನೆ ಎಂದರೆ ಏನೋ ಗಂಡಾಂತರವಿರಬೇಕು ಎಂದು ಅವಳಿಗೆ ಅನಿಸಿತೋ ಏನೋ, ಬಾಗಿಲಲ್ಲಿ ನನ್ನ ಪ್ಯಾಂಟು ಹಿಡಿದು ಶುರು ಮಾಡಿದಳು. ಅದನ್ನು ಕೇಳಿ, ಆಗ ತಾನೇ ಅಳು ನಿಲ್ಲಿಸಿದ್ದ ಇನ್ನೊಂದು ಕೂಸು ಶುರು ಮಾಡಿತು. ಅದರ ಪಕ್ಕದ್ದು ಸೇರಿಕೊಂಡಿತು. ನೋಡನೋಡುತ್ತಲೇ ಇಡೀ ಅಂಗನವಾಡಿ ಒಂದೇ ಸ್ವರದಲ್ಲಿ ಅಳುತ್ತಿತ್ತು.

ಟೀಚರ್ ಭಾಗ್ಯಳನ್ನು ಎತ್ತಿಕೊಂಡು, "ಮಕ್ಕಳನ್ನ ನಾನು ನೋಡ್ಕೋತೀನಿ. ನೀವು ಮೊದ್ಲು ಹೊರಡಿ," ಎಂದರು. ಹೊರಟೆ.

ಗಲ್ಲಿಯ ತಿರುವು ಮುಟ್ಟುವಷ್ಟರಲ್ಲಿ ಅಳು ಪೂರ್ತಿ ನಿಂತುಹೋಯಿತು. ಬುದ್ಧಿಯಿದ್ದವನು ಆಗ ನಿಟ್ಟುಸಿರು ಬಿಟ್ಟು ಟೀ ಕುಡಿಯಲು ಹೋಗುತ್ತಿದ್ದ. ನನಗೆ ಗಾಬರಿಯಾಯಿತು. ನನ್ನ ಮಗಳು ಇಷ್ಟು ಬೇಗ ಸುಮ್ಮನಾಗುವವಳಲ್ಲ. ಒಳಗೇನಾಯಿತು?

ಕಟ್ಟಡದ ಹಿಂದೆ ಒಂದು ಸಂದಿ. ಅಲ್ಲಿ ಎತ್ತರದಲ್ಲಿ ಒಂದು ಕಿಟಕಿ, ಕಿಟಕಿಯ ಕೆಳಗೆ ಯಾರದೋ ನೀಲಿ ನೀರಿನ ಡ್ರಮ್ಮು. ಮುಚ್ಚಳ ಗಟ್ಟಿಯಾಗಿಯೇ ಕಂಡಿತು. ಹತ್ತಿ ನಿಂತು, ಸರಳು ಹಿಡಿದು ಇಣುಕಿದೆ. ಭಾಗ್ಯ ಇನ್ನೊಂದು ಹುಡುಗಿಯ ಜೊತೆ ಬಣ್ಣದ ಮರದ ತುಂಡುಗಳನ್ನು ಜೋಡಿಸುತ್ತಾ ನಗುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಸ್ವಲ್ಪ ಅವಮಾನವಾಯಿತು. ಒಮ್ಮೆ ನನ್ನ ಕಡೆ ನೋಡಲಿ ಎಂದು ತುದಿಗಾಲಲ್ಲಿ ನಿಂತೆ.

ಮುಚ್ಚಳ ಮುರಿಯಿತು.

ನಾನು ಸೊಂಟದವರೆಗೆ ನೀರಿನಲ್ಲಿದ್ದೆ. ಕೈಗಳು ಮಾತ್ರ ಮೇಲೆ ಸರಳು ಹಿಡಿದುಕೊಂಡಿದ್ದವು. ಒಳಗಿನಿಂದ ಒಂದು ಮಗು "ಗುಮ್ಮ" ಎಂದು ಕಿರುಚಿತು. ಮತ್ತೆ ಇಡೀ ಅಂಗನವಾಡಿಯ ಅಳು.

ಎದುರು ಮನೆಯ ಬಾಗಿಲು ತೆರೆದು ಒಬ್ಬ ಹೆಂಗಸು ಬಂದರು. ಡ್ರಮ್ಮಿನ ಒಡತಿ. ಓಣಿಯವರೆಲ್ಲ ಫರೀದಾ ಆಪಾ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

"ಕುಡಿಯೋ ನೀರಲ್ಲಿ ನಿಂತಿದೀಯಲ್ಲ, ಯಾರಪ್ಪ ನೀನು?"

"ಮಗಳನ್ನ ನೋಡ್ಲಿಕ್ಕ ಬಂದೀನ್ರಿ."

"ಮಗಳನ್ನ ನೋಡೋರು ಬಾಗಿಲಿಂದ ಬರ್ತಾರೆ. ಕಿಟಕಿಯಿಂದ ಬರೋರು ಮಕ್ಕಳ ಕಳ್ಳರು."

ಈ ಮಾತಿಗೆ ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು. ಒಬ್ಬರ ಕೈಯಲ್ಲಿ ಪೊರಕೆ, ಇನ್ನೊಬ್ಬರ ಕೈಯಲ್ಲಿ ಸೌಟು. ನನ್ನನ್ನು ಡ್ರಮ್ಮಿನಿಂದ ಎತ್ತಿ, ನೀರು ಸುರಿಸುತ್ತಿದ್ದವನನ್ನು ಹಾಗೆಯೇ ಮುಂಬಾಗಿಲಿಗೆ ನಡೆಸಿದರು. ಟೀಚರ್ ಇದ್ದರೆ ಬಚಾವಾಗುತ್ತಿದ್ದೆ. ಆದರೆ ಅವತ್ತು ಚುಚ್ಚುಮದ್ದಿನ ದಿನ. ಟೀಚರ್ ಬಾಣಂತಿಯರನ್ನು ಕರೆದುಕೊಂಡು ಅದೇ ತಾನೇ ಆಸ್ಪತ್ರೆಗೆ ಹೋಗಿದ್ದರು. ಇದ್ದವರು ಸಹಾಯಕಿ ಸೆಲ್ವಿಯಮ್ಮ. ಬೆಳಿಗ್ಗೆ ಅಡುಗೆಮನೆಯಲ್ಲಿದ್ದ ಅವರು ನನ್ನ ಮುಖವನ್ನೇ ನೋಡಿರಲಿಲ್ಲ.

"ಕೂಸಿಗೇ ಕೇಳ್ರಿ," ಎಂದೆ. ಆಗಿನ್ನೂ ನನಗೆ ಧೈರ್ಯವಿತ್ತು.

ಸೆಲ್ವಿಯಮ್ಮ ಭಾಗ್ಯಳನ್ನು ಕರೆತಂದರು. "ಪಾಪು, ಇವ್ರು ಯಾರು ಹೇಳಮ್ಮ?"

ಭಾಗ್ಯ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಡ್ರೈವರ್," ಎಂದಳು.

ಸುಳ್ಳಲ್ಲ. ದಿನವಿಡೀ ನಾನು ಫೋನಿನಲ್ಲಿ "ಹಲೋ, ಡ್ರೈವರ್ ಮಾತಾಡೋದು" ಎನ್ನುವುದನ್ನು ಕೇಳಿ ಬೆಳೆದವಳು.

"ನಿಮ್ಮಪ್ಪನ ಹೆಸರೇನು?"

"ಅಪ್ಪ."

ಪೊರಕೆ ಹಿಡಿದವರು ಒಂದು ಹೆಜ್ಜೆ ಮುಂದೆ ಬಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಜೇಬಿನ ಫೋನು ನೀರು ಕುಡಿದು ಸತ್ತಿತ್ತು. "ನನ್ನ ಹೆಂಡ್ತಿಗಿ ಫೋನ್ ಮಾಡ್ರಿ," ಎಂದು ಬೇಡಿಕೊಂಡೆ. ಪುಣ್ಯಕ್ಕೆ ನಂಬರು ಬಾಯಿಪಾಠವಿತ್ತು. ಫರೀದಾ ಆಪಾ ತಮ್ಮ ಫೋನಿನಿಂದಲೇ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು.

"ಬಸಮ್ಮ ಅನ್ನೋರಾ? ಇಲ್ಲಿ ಅಂಗನವಾಡಿ ಹತ್ರ ಒಬ್ಬ ಸಿಕ್ಕಿದಾನೆ. ನಿಮ್ಮ ಗಂಡ ಅಂತ ಹೇಳ್ತಾನೆ."

"ಏನ್ ಮಾಡ್ಯಾರ್ರಿ?"

"ಕದ್ದು ಕಿಟಕಿಯಲ್ಲಿ ನೋಡ್ತಿದ್ದ. ನಮ್ಮ ನೀರಿನ ಡ್ರಮ್ಮಲ್ಲಿ ಬಿದ್ದ."

ಆ ಕಡೆ ಒಗ್ಗರಣೆ ಚಟಪಟ ಅನ್ನುವುದು ಮಾತ್ರ ಕೇಳಿಸಿತು. ಆಮೇಲೆ ಬಸಮ್ಮನ ದಣಿದ ದನಿ ಬಂತು.

"ಹೌದ್ರಿ. ಅವರೇ."

ಹೆಸರು, ಊರು, ಮೈಬಣ್ಣ ಯಾವುದನ್ನೂ ಅವಳು ಕೇಳಲಿಲ್ಲ. ಹೆಂಗಸರೆಲ್ಲ ನಕ್ಕು ಪೊರಕೆ ಕೆಳಗಿಟ್ಟರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಫರೀದಾ ಆಪಾ ಒಂದು ಕೊಡ ತಂದು ನನ್ನ ಕೈಗಿತ್ತರು.

"ನಲ್ಲಿ ನೀರು ಮತ್ತೆ ನಾಡಿದ್ದೇ ಬರೋದು. ಡ್ರಮ್ ತೊಳೆದು ತುಂಬಿಸಿ ಹೋಗಪ್ಪ."

ನಮ್ಮ ವಠಾರದ ಸಂಪಿನಿಂದ ಹೊತ್ತೆ. ಮಾಲೀಕರು ನೀರು ಯಾಕೆಂದು ಕೇಳಿದ್ದರಿಂದ ಇಡೀ ಕಥೆಯನ್ನು ಅವರಿಗೂ ಹೇಳಬೇಕಾಯಿತು. ಹೋಗಿಬರುವ ದಾರಿ ಅಂಗನವಾಡಿಯ ಬಾಗಿಲ ಮುಂದೆಯೇ. ಪ್ರತಿ ಸಲವೂ ಮಕ್ಕಳು ಆಟ ನಿಲ್ಲಿಸಿ "ನೀರಿನ ಮಾಮಾ" ಎಂದು ಕೈಬೀಸುತ್ತಿದ್ದರು. ನಾನೂ ಕೊಡವನ್ನು ಇನ್ನೊಂದು ಭುಜಕ್ಕೆ ಬದಲಿಸಿ ಕೈಬೀಸುತ್ತಿದ್ದೆ. ಡ್ರಮ್ಮು ತುಂಬುವ ಹೊತ್ತಿಗೆ ಟೀಚರ್ ವಾಪಸು ಬಂದರು. ನನ್ನನ್ನು ನೋಡಿ, "ಇನ್ನೂ ಮನೆಗೆ ಹೋಗ್ಲಿಲ್ವಾ ನೀವು?" ಎಂದರು.

ಸಂಜೆ ಬಸಮ್ಮ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲ ವಿಚಾರಿಸಿದಳು. ಭಾಗ್ಯ ತಾನು ಕಟ್ಟಿದ ಮನೆಯ ಬಗ್ಗೆ ಹೇಳಿದಳು, ಅನ್ನ ಸಾರು ತಿಂದದ್ದನ್ನು ಹೇಳಿದಳು, ಹೊಸ ಗೆಳತಿಯ ಹೆಸರು ಹೇಳಿದಳು. ನಾಳೆಯೂ ಹೋಗುತ್ತಾಳಂತೆ. ಸದ್ಯ, ಇಬ್ಬರ ಕೆಲಸವೂ ಉಳಿಯಿತು. ನಾನು ಒದ್ದೆ ಪ್ಯಾಂಟು ಹಿಂಡುತ್ತಾ ನನ್ನ ಸರದಿಗಾಗಿ ಕಾದೆ.

ಬಸಮ್ಮ ನನ್ನ ಕಡೆ ಒಮ್ಮೆ ನೋಡಿ, "ಅಪ್ಪ ಬಂದಿದ್ದನೇನು ಅಲ್ಲಿ?" ಎಂದು ಕೇಳಿದಳು.

ಭಾಗ್ಯ ನನ್ನ ಕೈಯಲ್ಲಿದ್ದ ಒದ್ದೆ ಪ್ಯಾಂಟನ್ನೊಮ್ಮೆ ನೋಡಿದಳು.

"ಇಲ್ಲ. ನೀರಿನ ಮಾಮಾ ಬಂದಿದ್ದ."