ಹೆಡ್‌ಮಾಸ್ಟರ ಬೈತಲೆ

ಗುಬ್ಬಿ ಸ್ಲೇಟಿನ ಮೇಲೆ ‘ಒಂದನೇ ತರಗತಿ’ ಎಂದು ಬರೆದದ್ದನ್ನು ಯಾರೂ ತಿರುಗಿ ನೋಡಲಿಲ್ಲ. ಅನಾಹುತಕ್ಕೆ ಅಷ್ಟೇ ಸಾಕಾಯಿತು.

ಶಾಲೆಯಲ್ಲಿ ಅಂದು ಒಂದನೇ ತರಗತಿಯ ಗ್ರೂಪ್ ಫೋಟೋ. ಆಗೆಲ್ಲ ಫೋಟೋ ಎಂದರೆ ವರ್ಷಕ್ಕೊಮ್ಮೆ ಸಿಗುವ ಭಾಗ್ಯ. ಮಕ್ಕಳು ತಲೆಗೆ ಎಣ್ಣೆ ಬಳಿದು, ತೊಳೆದಿಟ್ಟ ಬದನೆಕಾಯಿಗಳ ಹಾಗೆ ಮಿರಮಿರ ಮಿಂಚುತ್ತ ಮೂರು ಸಾಲಾಗಿ ನಿಂತಿದ್ದರು. ನಡುವಿನ ಕುರ್ಚಿಯಲ್ಲಿ ಹೆಡ್‌ಮಾಸ್ಟರು. ಜೇಬಿನಿಂದ ಬಾಚಣಿಗೆ ತೆಗೆದು ಬೈತಲೆ ತಿದ್ದಿಕೊಂಡು, ಗುಬ್ಬಿಯ ಕೈಗೆ ಸ್ಲೇಟು ಕೊಟ್ಟವರೂ ಅವರೇ.

“ಫೋಟೋದವರ ಮಗಳಲ್ವೇನಮ್ಮ ನೀನು? ನೀನೇ ಬರೆದು ಹಿಡ್ಕೊ.”

ಗುಬ್ಬಿಯ ಅಪ್ಪನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಫೋಟೋ ಅಣ್ಣ ಎಂದು. ಅವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಆ ಕಾಲದ ಪೆಟ್ಟಿಗೆ ಕ್ಯಾಮೆರಾದ ಗಾಜಿನಲ್ಲಿ ಲೋಕವೆಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಹೆಡ್‌ಮಾಸ್ಟರೇ ಬಾವಲಿಯ ಹಾಗೆ ನೇತಾಡುತ್ತಿರುವಾಗ ಸ್ಲೇಟಿನ ಅಕ್ಷರ ನೋಡುವವರು ಯಾರು? “ಯಾರೂ ಕಣ್ಣು ಮಿಟುಕಿಸ್ಬೇಡಿ!” ಎಂದು ಕೂಗಿ ಫೋಟೋ ತೆಗೆದೇಬಿಟ್ಟ.

ಮಕ್ಕಳು ಚದುರಿದ ಮೇಲೆ ಒಂದನೇ ತರಗತಿಯ ಟೀಚರಮ್ಮ ಸ್ಲೇಟು ಹಿಡಿದು ಅವನ ಹತ್ತಿರ ಬಂದರು. ಅಕ್ಷರಗಳೇನೋ ದುಂಡುದುಂಡಗೆ ಮುದ್ದಾಗಿದ್ದವು. ಆದರೆ ಎಲ್ಲವೂ ಕನ್ನಡಿಯಲ್ಲಿ ಕಾಣುವ ಹಾಗೆ ಬಲದಿಂದ ಎಡಕ್ಕೆ ನಡೆದಿದ್ದವು.

ಫೋಟೋ ಅಣ್ಣ ಹಿಗ್ಗಿದ. “ನೆಗೆಟಿವ್ ನೋಡಿ ನೋಡಿ ಕಲ್ತಿದಾಳೆ ನೋಡಿ ಟೀಚರ್! ಕಸುಬು ರಕ್ತದಲ್ಲೇ ಬಂದಿದೆ.”

ಟೀಚರಮ್ಮ ನಗಲಿಲ್ಲ. “ಅಕ್ಷರ ತಿರುಗಿಸಿ ಬರೆಯೋದು ಈ ವಯಸ್ಸಲ್ಲಿ ಎಷ್ಟೋ ಮಕ್ಕಳು ಮಾಡ್ತಾರೆ ಅಣ್ಣಾ. ಅದೊಂದೇ ಆಗಿದ್ರೆ ನಾನು ನಿಮ್ಮನ್ನ ನಿಲ್ಲಿಸ್ತಿರ್ಲಿಲ್ಲ. ಪಾಠ ಗಡಗಡ ಓದ್ತಾಳೆ. ನಿನ್ನೆ ಬೇರೆ ಪುಟ ತೆಗೆದುಕೊಟ್ಟೆ. ಅದ್ರಲ್ಲೂ ಹಳೇ ಪಾಠಾನೇ ಓದಿದ್ಲು. ‘ಕಮಲ’ದಲ್ಲಿ ಮೊದಲು ಯಾವ ಸದ್ದು ಕೇಳಿಸುತ್ತೆ ಅಂದ್ರೆ ‘ಹೂವು’ ಅಂತಾಳೆ.”

“ಅಂದ್ರೆ... ದಡ್ಡಿ ಅಂತೀರಾ?”

“ಛೆ! ಒಂದು ಸಲ ಕೇಳಿದ ಕತೇನ ಒಂದು ಮಾತೂ ಬಿಡದೆ ಹೇಳ್ತಾಳೆ. ದಡ್ಡಿನೂ ಅಲ್ಲ, ಸೋಮಾರಿನೂ ಅಲ್ಲ. ಸದ್ದಿಗೂ ಅಕ್ಷರಕ್ಕೂ ಗಂಟು ಬಿದ್ದಿಲ್ಲ, ಅಷ್ಟೇ. ಈಗ್ಲೇ ಕೈ ಹಿಡಿದ್ರೆ ದಾರಿಗೆ ಬರ್ತಾಳೆ. ತಡ ಮಾಡಿದ್ರೆ ಪುಸ್ತಕ ಕಂಡ್ರೇನೇ ಹೆದರ್ತಾಳೆ.”

ಆ ಹೆದರಿಕೆಯ ಪರಿಚಯ ಫೋಟೋ ಅಣ್ಣನಿಗಿತ್ತು. ಚಿಕ್ಕಂದಿನಲ್ಲಿ ಮೇಷ್ಟ್ರು “ನೀನು ಓದೋ” ಎಂದರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ತರಗತಿಯೆಲ್ಲ ನಗುತ್ತಿತ್ತು. ಆ ನಗುವಿಗೆ ಅಂಜಿಯೇ ಅವನು ಶಾಲೆ ಬಿಟ್ಟು, ಯಾರೂ ಏನೂ ಓದಿಸದ ಕತ್ತಲೆಕೋಣೆ ಸೇರಿಕೊಂಡದ್ದು.

ಅಷ್ಟರಲ್ಲಿ ಹೆಡ್‌ಮಾಸ್ಟರ ಕೂಗು ಬಂತು. “ಸಂಜೆಯೊಳಗೆ ಫೋಟೋ ನನ್ನ ಕೋಣೆ ಗೋಡೆ ಮೇಲಿರ್ಬೇಕಪ್ಪಾ! ನಾಡಿದ್ದು ಇನ್‌ಸ್ಪೆಕ್ಟರ್ ಸಾಹೇಬ್ರು ಬರೋರಿದಾರೆ. ಅಕ್ಷರ ಬಾರದ ಮಕ್ಕಳನ್ನೆಲ್ಲ ವಾಪಸ್ ಶಿಶುವಿಹಾರಕ್ಕೆ ಅಟ್ತೀನಿ ಅಂತ ಅವ್ರಿಗೆ ಹೇಳಿದೀನಿ!”

ಫೋಟೋ ಅಣ್ಣ ಟೀಚರಮ್ಮನ ಕೈಯಲ್ಲಿದ್ದ ಸ್ಲೇಟನ್ನು ಮತ್ತೆ ನೋಡಿದ. ಗೋಡೆಯ ಮೇಲಿನ ಫೋಟೋ ಎಂದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂಥದ್ದು. ಬಂದವರೆಲ್ಲ ಸ್ಲೇಟು ತೋರಿಸಿ ನಗಬೇಕೇ? ಆಗ ಹೊಳೆಯಿತು ಉಪಾಯ. ನೆಗೆಟಿವನ್ನೇ ಮಗುಚಿಟ್ಟು ಅಚ್ಚು ತೆಗೆದರಾಯಿತು, ಸ್ಲೇಟು ತಾನಾಗಿ ನೆಟ್ಟಗಾಗುತ್ತದೆ!

ಸ್ಟುಡಿಯೋಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಜೊತೆಗೆ ಪಕ್ಕದಂಗಡಿಯ ದರ್ಜಿಯೂ ಎದುರು ಮನೆಯ ಕಾಂಪೌಂಡರೂ.

“ಕಣ್ಣಿನ ದೋಷ. ದಪ್ಪ ಕನ್ನಡಕ ಹಾಕ್ಸು” ಎಂದ ದರ್ಜಿ.

“ದಾರ ಪೋಣಿಸೋನಿಗೆ ಕಣ್ಣಿಂದೇ ಚಿಂತೆ. ಇದು ನರದ ವಿಷ್ಯ, ಟಾನಿಕ್ ಕೊಡಬೇಕು” ಎಂದರು ಕಾಂಪೌಂಡರು. ಯಾರು ಯಾವ ಕಾಯಿಲೆ ಹೇಳಿದರೂ ಅವರ ಬಳಿ ಇದ್ದದ್ದು ಅದೊಂದೇ ಟಾನಿಕ್ಕು.

ಇಬ್ಬರನ್ನೂ ಹೊರಗೆ ಬಿಟ್ಟು ಫೋಟೋ ಅಣ್ಣ ಕತ್ತಲೆಕೋಣೆಯ ಬಾಗಿಲು ಎಳೆದುಕೊಂಡ. ಹಾಳೆಯನ್ನು ದ್ರಾವಣಕ್ಕೆ ಹಾಕಿದ್ದಷ್ಟೇ, ದರ್ಜಿ ಬಾಗಿಲು ತೆರೆದು ತಲೆ ಹಾಕಿದ. “ಒಂದು ಮಾತು ಮರ್ತಿದ್ದೆ. ಕನ್ನಡಕದ ಫ್ರೇಮು ಗಟ್ಟಿ ಇರ್ಲಿ.” ಬೆಳಕು ಬಿದ್ದು ಇಡೀ ತರಗತಿ ಹೆಡ್‌ಮಾಸ್ಟರ ಸಮೇತ ಹೆಂಚಿನ ತಳದ ಹಾಗೆ ಕಪ್ಪಾಯಿತು. ಎರಡನೆಯ ಹಾಳೆಯನ್ನು ಕಾಂಪೌಂಡರು ಬಾಟಲಿ ಸಮೇತ ಒಳನುಗ್ಗಿ ಸುಟ್ಟರು.

ಉಳಿದದ್ದು ಒಂದೇ ಹಾಳೆ. ಬಾಗಿಲಿಗೆ ಕುರ್ಚಿ ಅಡ್ಡಕೊಟ್ಟು, ಕೆಂಪು ದೀಪದ ಕೆಳಗೆ ಉಸಿರು ಬಿಗಿಹಿಡಿದು ನಿಂತ. ತಟ್ಟೆಯ ನೀರಿನಡಿಯಿಂದ ಮೊದಲು ಕುರ್ಚಿಗಳು, ಆಮೇಲೆ ಮಕ್ಕಳ ತಲೆಗಳು, ಕೊನೆಗೆ ಗುಬ್ಬಿಯ ನಗು ಮೆಲ್ಲನೆ ತೇಲಿಬಂದವು. ಕೈಯಲ್ಲಿ ಸ್ಲೇಟು, ಅದರ ಮೇಲೆ ನೆಟ್ಟಗೆ ‘ಒಂದನೇ ತರಗತಿ’. ಫೋಟೋ ಅಣ್ಣನ ಕಣ್ಣು ತೇವವಾಯಿತು. ದ್ರಾವಣದ ಘಾಟು ಎಂದುಕೊಂಡ.

ಸಂಜೆ ಹೆಡ್‌ಮಾಸ್ಟರ ಕೋಣೆಯಲ್ಲಿ ಮೊಳೆ ಹೊಡೆದು ಫೋಟೋ ತೂಗುಹಾಕಿ ಹಿಂದೆ ಸರಿದಾಗಲೇ ಅವನಿಗೆ ಅದು ಕಂಡದ್ದು. ಮಕ್ಕಳ ಹಿಂದೆ, ಬಾಗಿಲ ಮೇಲೆ, ಶಾಲೆಯ ಹೆಸರಿನ ಫಲಕವಿತ್ತು. ಸ್ಲೇಟು ನೆಟ್ಟಗಾಗಿತ್ತು, ಫಲಕ ತಿರುವುಮುರುವಾಗಿತ್ತು!

ಹೆಡ್‌ಮಾಸ್ಟರು ಕನ್ನಡಕ ಏರಿಸಿ ಫೋಟೋದ ಹತ್ತಿರ ಬಂದರು. ಫಲಕದ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸುತ್ತ ಶಾಲೆಯ ಹೆಸರನ್ನು ಒಂದಕ್ಷರ ತಪ್ಪದೆ, ಗಂಭೀರವಾಗಿ ಓದಿದರು. “ಹೆಸರು ಸ್ಪಷ್ಟವಾಗಿ ಬಂದಿದೆಯಪ್ಪಾ!”

ಟೀಚರಮ್ಮ ಫೋಟೋ ಅಣ್ಣನ ಕಿವಿಯಲ್ಲಿ ಪಿಸುಗುಟ್ಟಿದರು. “ನೋಡಿದ್ರಾ? ಬಾಯಿಪಾಠ. ನಿಮ್ಮ ಮಗಳು ಓದೋದೂ ಹೀಗೇ.”

ಹೆಡ್‌ಮಾಸ್ಟರ ಕಣ್ಣು ಫೋಟೋದಲ್ಲಿದ್ದ ತಮ್ಮ ಮುಖದ ಮೇಲೆ ನಿಂತಿತು. “ಭಲೇ! ಪ್ರತಿ ವರ್ಷ ನಿನ್ನ ಫೋಟೋದಲ್ಲಿ ನನ್ನ ಬೈತಲೆ ಆಚೆ ಬದಿಗೆ ಹೋಗಿರ್ತಿತ್ತು. ಇದು ನೋಡು, ನಾನು ದಿನಾ ಕನ್ನಡೀಲಿ ನೋಡೋ ಮುಖ! ಮತ್ತೆ ಈ ಮಗು ಅಕ್ಷರ ನೋಡಿ ಟೀಚರ್, ಮುತ್ತು ಪೋಣಿಸಿದ ಹಾಗಿದೆ. ಇವಳಿಗ್ಯಾಕೆ ಶಿಶುವಿಹಾರ?”

“ಹಾಗಾದ್ರೆ ಸಾರ್, ದಿನಾ ಸಂಜೆ ಸ್ವಲ್ಪ ಹೊತ್ತು ಇವಳನ್ನ ನಾನು ಕೂರಿಸ್ಕೊಂಡು ಓದಿಸ್ತೀನಿ” ಎಂದರು ಟೀಚರಮ್ಮ ಥಟ್ಟನೆ.

“ಧಾರಾಳವಾಗಿ! ಏನಪ್ಪಾ, ನಾಳೆ ಎರಡನೇ ತರಗತಿಯ ಫೋಟೋ. ನನ್ನ ಬೈತಲೆ ಹೀಗೇ ಬರ್ಬೇಕು. ಸ್ಲೇಟನ್ನೂ ಈ ಮಗೂನೇ ಬರೀಲಿ.”

ಟೀಚರಮ್ಮ ಆಗಲೇ ಪಾಠ ಶುರುಮಾಡಲು ಗುಬ್ಬಿಯ ಬಳಿ ಹೊರಟರು. ಕಂಟಕ ಕಳೆಯಿತು, ನಾಳೆಯೂ ನೆಗೆಟಿವ್ ಮಗುಚಿಟ್ಟರಾಯಿತು ಎಂದುಕೊಂಡು, ಗೋಡೆಯ ಹಳೆಯ ಫೋಟೋಗಳನ್ನೆಲ್ಲ ಒರೆಸಿಟ್ಟು ಫೋಟೋ ಅಣ್ಣ ಅಂಗಳಕ್ಕಿಳಿದ. ಗುಬ್ಬಿ ಕೈತುಂಬ ಮರಳು ಮೆತ್ತಿಕೊಂಡು ಓಡಿಬಂದಳು.

“ಅಪ್ಪಾ, ಟೀಚರ್ ಮರಳಲ್ಲಿ ಬೆರಳು ಹಿಡಿದು ಬರೆಸಿದ್ರು! ಪ್ರತಿ ಅಕ್ಷರಾನೂ ಕೂಗಿ ಕೂಗಿ ಬರ್ದೆ. ನಾಳೆಗೆ ಸ್ಲೇಟೂ ರೆಡಿ!”

ಸ್ಲೇಟಿನಲ್ಲಿ ‘ತರಗತಿ’ ಅಚ್ಚುಹೊಡೆದ ಹಾಗೆ ನೆಟ್ಟಗಿತ್ತು. ‘ಎರಡನೇ’ ಮಾತ್ರ ಹಿಂದಿನ ಹಾಗೇ ಬಲದಿಂದ ಎಡಕ್ಕೆ ನಡೆದಿತ್ತು.

“ಇವತ್ತು ಅರ್ಧ ಬಂತಪ್ಪಾ” ಎಂದಳು ಗುಬ್ಬಿ ಹೆಮ್ಮೆಯಿಂದ. “ಇನ್ನರ್ಧ ನಿಧಾನಕ್ಕೆ ಬರುತ್ತೆ, ಅವಸರ ಬೇಡ ಅಂದ್ರು ಟೀಚರ್.”